ಟ್ಯಾಕ್ಸಿ ಹತ್ತಿಸಿಕೊಳ್ಳದ ಊರಲ್ಲಿ ಆಡೋದಿಲ್ಲ: 1965ರ ಎಎಫ್‌ಎಲ್ ಆಲ್‌ಸ್ಟಾರ್ ಪಂದ್ಯ

ಪ್ರಶ್ನೆ: ನಾವು ಹೂಸ್ಟನ್‌ನಲ್ಲಿದ್ದೇವೆ. ಮಗಳು ಶಾಲೆಗೆ ನಾಗರಿಕ ಹಕ್ಕುಗಳ ಚಳವಳಿಯ ಬಗ್ಗೆ ಬರೆಯುವಾಗ 1965ರ ಎಎಫ್‌ಎಲ್ (ಅಮೆರಿಕನ್ ಫುಟ್‌ಬಾಲ್ ಲೀಗ್) ಆಲ್‌ಸ್ಟಾರ್ ಪಂದ್ಯದ ವಿಷಯ ಎದುರಾಯಿತು. ನ್ಯೂ ಆರ್ಲಿಯನ್ಸ್‌ನಲ್ಲಿ ಆಡೋದಿಲ್ಲ ಅಂತ ಕಪ್ಪು ಆಟಗಾರರು ಹೊರಟುಬಿಟ್ಟರಂತೆ, ಪಂದ್ಯ ಐದೇ ದಿನದಲ್ಲಿ ನಮ್ಮೂರಿಗೆ ಬಂತಂತೆ. ನನಗೆ ಮೂರು ಅನುಮಾನ. 1964ರಲ್ಲೇ ಕಾನೂನು ಬಂದಿತ್ತಲ್ಲ, ಮತ್ತೆ ಹೀಗೇಕಾಯಿತು? ಹೂಸ್ಟನ್ ಕೂಡ ದಕ್ಷಿಣದ ಊರೇ ಅಲ್ಲವೇ? ಈ ಪ್ರಸಂಗದಿಂದ ನ್ಯೂ ಆರ್ಲಿಯನ್ಸ್ ಬದಲಾಯಿತು ಅನ್ನುತ್ತಾರೆ, ಎಷ್ಟು ನಿಜ? ನಾನು ಕ್ರಿಕೆಟ್ ನೋಡುವವನು, ಅಮೆರಿಕನ್ ಫುಟ್‌ಬಾಲ್ ಅಷ್ಟಕ್ಕಷ್ಟೆ. ಸ್ವಲ್ಪ ಬಿಡಿಸಿ ಹೇಳಿ.

ಉತ್ತರ: ನೀವು ಕೇಳಿದ್ದು ಸರಿಯಾಗಿಯೇ ಇದೆ. 1965ರ ಜನವರಿ 10, ಭಾನುವಾರ, ಆಟಗಾರರು ಆಡುವುದಿಲ್ಲ ಎಂದು ನಿರ್ಧರಿಸಿದರು. ಮರುದಿನ ಲೀಗ್ ಪಂದ್ಯವನ್ನು ಹೂಸ್ಟನ್‌ಗೆ ವರ್ಗಾಯಿಸಿತು. 16ರ ಶನಿವಾರ, ಮೊದಲು ಗೊತ್ತುಮಾಡಿದ ದಿನವೇ, ಪಂದ್ಯ ನಡೆಯಿತು. ನಿಮ್ಮ ಮೊದಲ ಅನುಮಾನಕ್ಕೆ ಉತ್ತರ ಉದ್ದ, ಎರಡನೆಯದಕ್ಕೆ ಚಿಕ್ಕದು. ಮೂರನೆಯದರಲ್ಲಿ, ಎಲ್ಲರೂ ಹೇಳುವ ಕಥೆಗೂ ನನಗೂ ಸ್ವಲ್ಪ ತಕರಾರಿದೆ.

ಮೊದಲು ಹಿನ್ನೆಲೆ. ಆಗ ಅಮೆರಿಕದಲ್ಲಿ ವೃತ್ತಿಪರ ಫುಟ್‌ಬಾಲಿಗೆ ಎರಡು ಲೀಗ್‌ಗಳಿದ್ದವು. ಎನ್‌ಎಫ್‌ಎಲ್ (ನ್ಯಾಷನಲ್ ಫುಟ್‌ಬಾಲ್ ಲೀಗ್) 1920ರಿಂದ ನಡೆದುಬಂದದ್ದು. ಅಲ್ಲಿ ತಂಡ ಕೊಳ್ಳಲು ಹೋಗಿ ಬರಿಗೈಲಿ ವಾಪಸಾದ ಲಮಾರ್ ಹಂಟ್, ನಿಮ್ಮೂರಿನ ಬಡ್ ಆಡಮ್ಸ್ ಮತ್ತಿತರ ಹಣವಂತರು ಸೇರಿ 1960ರಲ್ಲಿ ಎಂಟು ತಂಡಗಳೊಂದಿಗೆ ಆಟ ಆರಂಭಿಸಿದ್ದು ಎಎಫ್‌ಎಲ್. ಕ್ರಿಕೆಟ್‌ನವರಿಗೆ ಬಿಸಿಸಿಐಗೆ ಎದುರಾಗಿ ಹುಟ್ಟಿದ ಐಸಿಎಲ್ (ಇಂಡಿಯನ್ ಕ್ರಿಕೆಟ್ ಲೀಗ್) ನೆನಪಾಗಬಹುದು. ಆದರೆ ಐಸಿಎಲ್ ಎರಡು ವರ್ಷದಲ್ಲಿ ಮುಗಿದುಹೋಯಿತು, ಇದು ಮುಳುಗಲಿಲ್ಲ. 1964ರ ಜನವರಿಯಲ್ಲಿ ಎನ್‌ಬಿಸಿ ವಾಹಿನಿ ಐದು ವರ್ಷದ ಪ್ರಸಾರಕ್ಕೆ 3.6 ಕೋಟಿ ಡಾಲರ್ ಕೊಡಲು ಒಪ್ಪಿತು. ನಾವು ಮಾತಾಡುತ್ತಿರುವ ಪಂದ್ಯಕ್ಕೆ ಎರಡು ವಾರ ಮುಂಚೆ, 1965ರ ಜನವರಿ 2ರಂದು, ನ್ಯೂಯಾರ್ಕ್ ಜೆಟ್ಸ್ ತಂಡ ಜೋ ನೇಮತ್ ಎಂಬ ಕಾಲೇಜು ಹುಡುಗನನ್ನು 4,27,000 ಡಾಲರ್‌ಗೆ ಸೇರಿಸಿಕೊಂಡಿತ್ತು. ಲೀಗ್‌ಗೆ ದುಡ್ಡು ಬರತೊಡಗಿತ್ತು, ಮರ್ಯಾದೆ ಇನ್ನೂ ಪೂರ್ತಿ ಬಂದಿರಲಿಲ್ಲ.

ಹೊಸ ಲೀಗ್‌ಗೆ ಆಟಗಾರರು ಬೇಕಿತ್ತು. ಎನ್‌ಎಫ್‌ಎಲ್ ಅಷ್ಟಾಗಿ ಕಣ್ಣು ಹಾಯಿಸದಿದ್ದ ಕಪ್ಪು ವಿದ್ಯಾರ್ಥಿಗಳ ಕಾಲೇಜುಗಳಲ್ಲಿ ಎಎಫ್‌ಎಲ್ ಹುಡುಕಿತು. ಉತ್ತರ ಲೂಸಿಯಾನದ ಗ್ರ್ಯಾಂಬ್ಲಿಂಗ್ ಅಂಥ ಒಂದು ಕಾಲೇಜು. ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, 1963ರ ಎಎಫ್‌ಎಲ್ ಸುತ್ತಿನಲ್ಲಿ, ಎಲ್ಲರಿಗಿಂತ ಮೊದಲು ಆಯ್ಕೆಯಾದ ಬಕ್ ಬುಕಾನನ್ ಅಲ್ಲಿಯವರು. ಎರ್ನಿ ಲ್ಯಾಡ್, ವಿಲ್ಲಿ ಬ್ರೌನ್ ಕೂಡ ಅಲ್ಲಿಯವರೇ. ಈ ಮೂವರೂ 1965ರ ಆಲ್‌ಸ್ಟಾರ್ ತಂಡದಲ್ಲಿದ್ದರು. ಅಂದರೆ ನ್ಯೂ ಆರ್ಲಿಯನ್ಸ್ ಯಾರಿಗೆ ಬಾಗಿಲು ಹಾಕಿತೋ ಅವರಲ್ಲಿ ಲೂಸಿಯಾನದಲ್ಲೇ ಆಡಿ ಬೆಳೆದವರೂ ಇದ್ದರು.

ಆಲ್‌ಸ್ಟಾರ್ ಪಂದ್ಯ ಎಂದರೆ ಋತು ಮುಗಿದ ಮೇಲೆ ಪೂರ್ವ ವಿಭಾಗದ ಉತ್ತಮ ಆಟಗಾರರು ಒಂದು ಕಡೆ, ಪಶ್ಚಿಮ ವಿಭಾಗದವರು ಇನ್ನೊಂದು ಕಡೆ. ಕಪ್ ಇಲ್ಲ, ಪಾಯಿಂಟ್ ಇಲ್ಲ. ಮೊದಲ ಮೂರು ವರ್ಷ ಅದು ಸ್ಯಾನ್ ಡಿಯಾಗೊದಲ್ಲಿ ನಡೆದಿತ್ತು. ನಾಲ್ಕನೆಯದನ್ನು ನ್ಯೂ ಆರ್ಲಿಯನ್ಸ್‌ಗೆ ತಂದವರು ಡೇವ್ ಡಿಕ್ಸನ್ ಎಂಬ ಅಲ್ಲಿನ ವ್ಯಾಪಾರಿ. ತನ್ನೂರಿಗೊಂದು ವೃತ್ತಿಪರ ತಂಡ ಬರಬೇಕು ಎಂಬುದು ಅವರ ಹಟ. 80 ಸಾವಿರಕ್ಕೂ ಮೀರಿ ಜನ ಹಿಡಿಯುವ ಟುಲೇನ್ ಕ್ರೀಡಾಂಗಣವಿತ್ತು. ಅದು ತುಂಬಿದ್ದನ್ನು ಟಿವಿಯಲ್ಲಿ ದೇಶ ನೋಡಿದರೆ ಫ್ರಾಂಚೈಸಿ ಕೇಳಲು ಬೇರೆ ಅರ್ಜಿ ಬೇಕಾಗುತ್ತಿರಲಿಲ್ಲ. ಕಪ್ಪು ಆಟಗಾರರಿಗೆ ಏನೂ ತೊಂದರೆಯಾಗದು ಎಂದು ಮೊದಲೇ ಭರವಸೆ ಕೊಡಲಾಗಿತ್ತು. ಡಿಕ್ಸನ್ ಅದನ್ನು ಮನಸ್ಸಿಟ್ಟೇ ಹೇಳಿದ್ದರು ಎಂದು ನಾನು ನಂಬುತ್ತೇನೆ. ಆದರೆ ಊರಿನ ಪರವಾಗಿ ಮಾತು ಕೊಡುವ ಅಧಿಕಾರ ಅವರಿಗೆಲ್ಲಿತ್ತು?

ಇಲ್ಲಿ ನಿಮ್ಮ ಮೊದಲ ಪ್ರಶ್ನೆ. ನಾಗರಿಕ ಹಕ್ಕುಗಳ ಕಾಯ್ದೆಗೆ ಅಧ್ಯಕ್ಷ ಜಾನ್ಸನ್ ಸಹಿ ಹಾಕಿದ್ದು 1964ರ ಜುಲೈ 2ರಂದು. ಆಟಗಾರರು ಬಂದಿಳಿದಾಗ ಅದಕ್ಕೆ ಆರು ತಿಂಗಳು. ಕಾಯ್ದೆಯ ಎರಡನೇ ಭಾಗ ತಂಗುವ ಹೋಟೆಲು, ಊಟದ ಹೋಟೆಲು, ಚಿತ್ರಮಂದಿರ, ಕ್ರೀಡಾಂಗಣ ಇಂಥವನ್ನು ಹೆಸರಿಸಿ ಅಲ್ಲಿ ಬಣ್ಣ ನೋಡಬಾರದು ಎಂದಿತು. ಊಟ ಕೊಡದೆ ಬರೀ ಮದ್ಯ ಮಾರುವ ಬಾರುಗಳ ಹೆಸರು ಆ ಪಟ್ಟಿಯಲ್ಲಿಲ್ಲ. ಬೀದಿಯಲ್ಲಿ ಓಡುವ ಟ್ಯಾಕ್ಸಿಯದೂ ಇಲ್ಲ. ಹೆಸರಿದ್ದ ಕಡೆಯೂ, ಒಳಗೆ ಬಿಡದಿದ್ದರೆ ನೊಂದವನು ಕೋರ್ಟಿಗೆ ಹೋಗಬೇಕು, ಇಲ್ಲವೇ ಸರ್ಕಾರ ದಾವೆ ಹೂಡಬೇಕು. ಶನಿವಾರ ರಾತ್ರಿ ಹತ್ತು ಗಂಟೆಗೆ ಕ್ಲಬ್ಬಿನ ಬಾಗಿಲಲ್ಲಿ ನಿಂತವನಿಗೆ ಅದರಿಂದ ಏನು ಸಿಕ್ಕೀತು?

ಕ್ರೀಡಾಂಗಣದೊಳಗೆ ಮಾತ್ರ ಆ ಊರು ಬದಲಾಗಿತ್ತು, ಇದನ್ನು ಒಪ್ಪಬೇಕು. ಕಪ್ಪು ಬಿಳಿಯರು ಒಟ್ಟಿಗೆ ಆಟವಾಡುವುದನ್ನೇ ನಿಷೇಧಿಸಿ ಲೂಸಿಯಾನ 1956ರಲ್ಲಿ ಕಾನೂನು ಮಾಡಿತ್ತು. ಒಬ್ಬ ಬಾಕ್ಸರ್ ಹೂಡಿದ ದಾವೆಯಲ್ಲಿ ಅದು ಬಿದ್ದುಹೋಯಿತು, 1959ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ಎತ್ತಿಹಿಡಿಯಿತು. 1965ರ ಜನವರಿ 1ರಂದು ಇದೇ ಟುಲೇನ್‌ನಲ್ಲಿ ಶುಗರ್ ಬೌಲ್ ಕಾಲೇಜು ಪಂದ್ಯ ನಡೆದಾಗ ಸಿರಾಕ್ಯೂಸ್ ತಂಡದಲ್ಲಿ ಜಿಮ್ ನ್ಯಾನ್ಸ್, ಫ್ಲಾಯ್ಡ್ ಲಿಟಲ್ ಎಂಬ ಕಪ್ಪು ಆಟಗಾರರಿದ್ದರು. 1956ರ ನಂತರ ಆ ಪಂದ್ಯದಲ್ಲಿ ಕಪ್ಪು ಆಟಗಾರರು ಇಳಿದದ್ದು ಅದೇ ಮೊದಲು. ಲೂಸಿಯಾನ ಸ್ಟೇಟ್ 13-10ರಿಂದ ಗೆದ್ದಿತು, ಗಲಾಟೆ ಆಗಲಿಲ್ಲ. ಆಲ್‌ಸ್ಟಾರ್ ಸಂಘಟಕರಿಗೆ ಧೈರ್ಯ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಅವರ ಲೆಕ್ಕ ಮೈದಾನದ ಗೇಟಿಗೆ ಬಂದು ನಿಂತಿತ್ತು. ಆಟಗಾರ ಗೇಟಿನ ಆಚೆಯೂ ಒಂದು ವಾರ ಬದುಕಬೇಕು. ಊಟ ಮಾಡಬೇಕು, ಸಂಜೆ ಸುತ್ತಾಡಬೇಕು, ರೂಮಿಗೆ ಮರಳಬೇಕು.

ಬಂದವರಿಗೆ ಮೊದಲ ಪೆಟ್ಟು ವಿಮಾನ ನಿಲ್ದಾಣದಲ್ಲೇ. ಟ್ಯಾಕ್ಸಿಗಳು ಸಾಲಾಗಿ ನಿಂತಿದ್ದರೂ ಚಾಲಕರು ಹತ್ತಿಸಿಕೊಳ್ಳಲಿಲ್ಲ. ಕಪ್ಪು ಜನರ ಟ್ಯಾಕ್ಸಿ ಬೇರೆ ಇದೆ, ಅದನ್ನು ಕರೆಸಿಕೊಳ್ಳಿ ಎಂದರು. ಹೋಟೆಲು ತಲುಪಿದವರು ಸಂಜೆ ಫ್ರೆಂಚ್ ಕ್ವಾರ್ಟರ್ ನೋಡಲು ಹೋದರೆ ಬರ್ಬನ್ ಸ್ಟ್ರೀಟಿನ ಕ್ಲಬ್ಬುಗಳ ಬಾಗಿಲಲ್ಲೇ ತಡೆ. ಜೊತೆಗಿದ್ದ ಬಿಳಿಯ ಆಟಗಾರ ಒಳಗೆ, ಇವರು ಹೊರಗೆ. ಹೋಗಲು ಟ್ಯಾಕ್ಸಿ ಸಿಕ್ಕಿದರೂ ಮರಳಲು ಸಿಗಲಿಲ್ಲ. ಸ್ಯಾನ್ ಡಿಯಾಗೊ ಚಾರ್ಜರ್ಸ್‌ನ ಅರ್ಲ್ ಫೈಸನ್ ಮುಂದೆ ಹೇಳಿಕೊಂಡಂತೆ, ಒಂದು ಕ್ಲಬ್ಬಿನ ಕಾವಲಿನವನು ಎರ್ನಿ ಲ್ಯಾಡ್ ಮುಖಕ್ಕೇ ಪಿಸ್ತೂಲು ಹಿಡಿದ. ಲ್ಯಾಡ್ ಆರು ಅಡಿ ಒಂಬತ್ತು ಅಂಗುಲದ ಆಳು, 140 ಕಿಲೊ ಮೀರಿದ ತೂಕ, ಮುಂದೆ ಕುಸ್ತಿ ಅಖಾಡದಲ್ಲೂ ಹೆಸರು ಮಾಡಿದವರು. ಅಂಥವರೂ ಅಂದು ಸದ್ದಿಲ್ಲದೆ ಹಿಂದೆ ಸರಿಯಬೇಕಾಯಿತು.

ಮರುದಿನ, ಭಾನುವಾರ, ರೂಸ್‌ವೆಲ್ಟ್ ಹೋಟೆಲಿನಲ್ಲಿ ಎರಡೂ ತಂಡಗಳ ಕಪ್ಪು ಆಟಗಾರರು ಸೇರಿದರು. ಒಟ್ಟು 21 ಮಂದಿ. ಬಫಲೊ ಬಿಲ್ಸ್‌ನ ಎರ್ನಿ ವಾರ್ಲಿಕ್ ಎಲ್ಲರ ಪರವಾಗಿ ಮಾತಾಡುವವರಾದರು. ಕುಕಿ ಗಿಲ್‌ಕ್ರಿಸ್ಟ್, ಏಬ್ನರ್ ಹೇನ್ಸ್, ಬಾಬಿ ಬೆಲ್, ಆರ್ಟ್ ಪೊವೆಲ್, ಕ್ಲೆಮ್ ಡೇನಿಯಲ್ಸ್ ಅಲ್ಲಿದ್ದರು. ಇವರಲ್ಲಿ ಕೆಲವರಿಗೆ ಇದು ಮೊದಲ ಪಾಠವಲ್ಲ. ಹೇನ್ಸ್ 1956ರಲ್ಲೇ ನಾರ್ತ್ ಟೆಕ್ಸಾಸ್ ಕಾಲೇಜು ತಂಡಕ್ಕೆ ಸೇರಿದ ಮೊದಲ ಇಬ್ಬರು ಕಪ್ಪು ಹುಡುಗರಲ್ಲೊಬ್ಬರು. ಪೊವೆಲ್, ಡೇನಿಯಲ್ಸ್ ಓಕ್ಲಂಡ್ ರೈಡರ್ಸ್‌ನವರು. 1963ರಲ್ಲಿ ಅಲಬಾಮದ ಮೊಬೀಲ್ ಊರಿನಲ್ಲಿ ಪ್ರದರ್ಶನ ಪಂದ್ಯ ಗೊತ್ತಾಗಿ, ಅಲ್ಲಿ ಪ್ರೇಕ್ಷಕರನ್ನು ಬಣ್ಣ ನೋಡಿ ಕೂರಿಸುತ್ತಾರೆಂದು ತಿಳಿದಾಗ ಇವರಿಬ್ಬರೂ ಮತ್ತಿಬ್ಬರು ಜೊತೆಗಾರರೂ ಆಡೋದಿಲ್ಲ ಎಂದಿದ್ದರು. ತಂಡದ ಕೋಚ್ ಅಲ್ ಡೇವಿಸ್ ಪಂದ್ಯವನ್ನೇ ಓಕ್ಲಂಡ್‌ಗೆ ತಿರುಗಿಸಿದರು. ಈ ಮೊಬೀಲ್ ಪ್ರಸಂಗವನ್ನು ಹೆಚ್ಚಿನವರು ಬಿಟ್ಟೇಬಿಡುತ್ತಾರೆ. ನನ್ನ ದೃಷ್ಟಿಯಲ್ಲಿ ಇಡೀ ಕಥೆಯ ಬೀಗದ ಕೈ ಅದರಲ್ಲಿದೆ. ಆಡದಿದ್ದರೆ ಪಂದ್ಯವೇ ಜಾಗ ಬದಲಿಸುತ್ತದೆ ಎಂಬುದನ್ನು ಒಮ್ಮೆ ಕಣ್ಣಾರೆ ಕಂಡವರು ಆ ಕೋಣೆಯಲ್ಲಿ ಕೂತಿದ್ದರು.

ಉಳಿದು ಆಡಿ ತೋರಿಸೋಣ ಎಂಬ ವಾದವೂ ಬಂತು. ಅದನ್ನು ಮುಂದಿಟ್ಟವರಲ್ಲಿ ಚಾರ್ಜರ್ಸ್‌ನ ಬಿಳಿಯ ಆಟಗಾರ ರಾನ್ ಮಿಕ್ಸ್ ಒಬ್ಬರು. ಅವರ ಮಾತು ನಡೆಯಲಿಲ್ಲ. ನೀವು ಹೊರಟರೆ ನಾನೂ ಆಡೋದಿಲ್ಲ ಎಂದು ಅವರೇ ಇವರ ಕಡೆ ನಿಂತರು, ಅದೇ ತಿಂಗಳು ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್‌ನಲ್ಲಿ ಈ ಬಗ್ಗೆ ಬರೆದರು ಕೂಡ. ಬಿಲ್ಸ್‌ನ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡೆಸೆದು ದಾಳಿ ನಡೆಸುವ ಆಟಗಾರ, ಜ್ಯಾಕ್ ಕೆಂಪ್ ಸಹ ಬೆಂಬಲಿಸಿದರು. ಕೆಂಪ್ ಆಟಗಾರರ ಸಂಘ ಕಟ್ಟಿದವರಲ್ಲೊಬ್ಬರು, ಮುಂದೆ ರಿಪಬ್ಲಿಕನ್ ಪಕ್ಷದಿಂದ ಸಂಸದರಾಗಿ, 1996ರಲ್ಲಿ ಉಪಾಧ್ಯಕ್ಷ ಸ್ಥಾನಕ್ಕೂ ನಿಂತವರು. ಬಿಳಿಯ ಆಟಗಾರರ ಈ ಬೆಂಬಲ ದೊಡ್ಡದೇ. ಆದರೆ ಇತ್ತೀಚಿನ ಕೆಲವು ಬರಹಗಳಲ್ಲಿ ಕೆಂಪ್ ಮುಂದಕ್ಕೆ ಬಂದು ವಾರ್ಲಿಕ್ ಹಿಂದಕ್ಕೆ ಸರಿಯುವುದನ್ನು ನೋಡಿದ್ದೇನೆ. ಅದು ಅನ್ಯಾಯ. ತೀರ್ಮಾನ ಆದದ್ದು 21 ಮಂದಿಯ ಕೋಣೆಯಲ್ಲಿ.

ಡಿಕ್ಸನ್ ಬೇಡಿಕೊಂಡರೂ ಪ್ರಯೋಜನವಾಗಲಿಲ್ಲ, ಆಟಗಾರರು ಊರಿಗೆ ಹೊರಟೇಬಿಟ್ಟರು. ಲೀಗ್‌ನ ಕಮಿಷನರ್ ಜೋ ಫಾಸ್ ಸೋಮವಾರ ಪಂದ್ಯವನ್ನು ಹೂಸ್ಟನ್‌ಗೆ ಒಯ್ಯುವುದಾಗಿ ಪ್ರಕಟಿಸಿದರು. ಫಾಸ್ ಎರಡನೇ ಮಹಾಯುದ್ಧದಲ್ಲಿ ಹೆಸರುವಾಸಿ ಯುದ್ಧವಿಮಾನ ಚಾಲಕ, ಅಮೆರಿಕದ ಅತ್ಯುನ್ನತ ಸೇನಾ ಪದಕ ಪಡೆದವರು, ಸೌತ್ ಡಕೋಟದ ಮಾಜಿ ಗವರ್ನರ್. ನ್ಯೂ ಆರ್ಲಿಯನ್ಸ್‌ನ ಮೇಯರ್ ವಿಕ್ಟರ್ ಸ್ಕಿರೊ ಮಾತ್ರ ಆಟಗಾರರನ್ನೇ ದೂರಿದರು, ಪೆಟ್ಟು ಬಿದ್ದರೂ ಸಹಿಸಿಕೊಂಡು ಇರಬೇಕಿತ್ತು ಎಂಬ ಧಾಟಿಯಲ್ಲಿ.

ಇನ್ನು ಹೂಸ್ಟನ್. ನಿಮ್ಮ ಅನುಮಾನ ಸರಿ, ನಿಮ್ಮೂರೇನು ಸಂತರ ಊರಾಗಿರಲಿಲ್ಲ. ಪಂದ್ಯ ನಡೆದ ಜೆಪ್ಪೆಸನ್ ಕ್ರೀಡಾಂಗಣ ಶಾಲಾ ಮಂಡಳಿಯದು. ಅಲ್ಲೇ, ಲೀಗ್‌ನ ಮೊದಲ ವರ್ಷಗಳಲ್ಲಿ, ಕಪ್ಪು ಪ್ರೇಕ್ಷಕರನ್ನು ಬೇರೆ ಕೂರಿಸುತ್ತಿದ್ದರು, ಅದರ ವಿರುದ್ಧ ಪ್ರತಿಭಟನೆಯೂ ನಡೆದಿತ್ತು. ಹೂಸ್ಟನ್‌ನ ದಾರಿ ಬೇರೆ, ಅಷ್ಟೆ. 1960ರ ಆಗಸ್ಟ್‌ನಲ್ಲಿ ಅಲ್ಲಿನ ಅಂಗಡಿಗಳ ಊಟದ ಕೌಂಟರುಗಳಿಗೆ ಕಪ್ಪು ಗಿರಾಕಿಗಳನ್ನು ಬಿಡತೊಡಗಿದಾಗ ವ್ಯಾಪಾರಿ ಮುಖಂಡರು ಪತ್ರಿಕೆ, ರೇಡಿಯೊ, ಟಿವಿಗಳೆಲ್ಲ ಕೆಲವು ದಿನ ಸುದ್ದಿ ಮಾಡದಂತೆ ಒಪ್ಪಿಸಿದ್ದರು. ಬೇಸ್‌ಬಾಲ್ ತಂಡ ಬೇಕು, ಚಾವಣಿಯ ಕ್ರೀಡಾಂಗಣ ಬೇಕು, ಗದ್ದಲ ಬೇಡ ಎಂಬ ವ್ಯಾಪಾರದ ಲೆಕ್ಕ ಅದು. ಆಸ್ಟ್ರೋಡೋಮ್ 1965ರ ಏಪ್ರಿಲ್‌ನಲ್ಲಿ ತೆರೆದಾಗ ಆ ಲೆಕ್ಕ ಫಲಿಸಿತ್ತು. ಪಂದ್ಯಕ್ಕೆ ಹೂಸ್ಟನ್ ಸಿಕ್ಕಿದ್ದಕ್ಕೆ ಸಾದಾ ಕಾರಣವೂ ಇತ್ತು: ಲೀಗ್‌ನದೇ ತಂಡ, ಲೀಗ್‌ಗೆ ಪರಿಚಿತ ಮೈದಾನ. ಇಂದು ಹೂಸ್ಟನ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಕ್ರೀಡಾಂಗಣ ಇರುವುದು ಆ ಹಳೆಯದನ್ನು 2012ರಲ್ಲಿ ಕೆಡವಿದ ಜಾಗದಲ್ಲೇ.

ಪಂದ್ಯದ ಬಗ್ಗೆ ಹೇಳಲು ಹೆಚ್ಚಿಲ್ಲ. ಸುಮಾರು 15 ಸಾವಿರ ಜನ ಬಂದರು. ಪಶ್ಚಿಮ 38, ಪೂರ್ವ 14. ದಾಳಿಯಲ್ಲಿ ಉತ್ತಮ ಆಟಗಾರ ಕೀತ್ ಲಿಂಕನ್. ಮೂರು ವಾರದ ಹಿಂದೆ ಚಾಂಪಿಯನ್‌ಷಿಪ್ ಪಂದ್ಯದಲ್ಲಿ ಬಿಲ್ಸ್‌ನ ಮೈಕ್ ಸ್ಟ್ರ್ಯಾಟನ್ ಹೊಡೆದ ಡಿಕ್ಕಿಗೆ ಪಕ್ಕೆಲುಬು ಮುರಿದುಕೊಂಡಿದ್ದ ಅದೇ ಲಿಂಕನ್! ರಕ್ಷಣೆಯಲ್ಲಿ ಉತ್ತಮ ಆಟಗಾರ ಡೆನ್ವರ್‌ನ ವಿಲ್ಲಿ ಬ್ರೌನ್, ಅದೇ ಗ್ರ್ಯಾಂಬ್ಲಿಂಗ್ ಹುಡುಗ.

ಈಗ ನನ್ನ ತಕರಾರು. ಬಹಿಷ್ಕಾರದಿಂದ ಪಾಠ ಕಲಿತು ನ್ಯೂ ಆರ್ಲಿಯನ್ಸ್ ಬದಲಾಯಿತು, ಆಮೇಲೆ ಅದಕ್ಕೆ ತಂಡ ಸಿಕ್ಕಿತು ಎಂದು ಹೇಳುವುದುಂಟು. ಕೇಳಲು ಹಿತ. ನಡೆದದ್ದನ್ನು ತಾರೀಖು ಹಿಡಿದು ನೋಡಿ. 1966ರ ಜೂನ್‌ನಲ್ಲಿ ಎರಡೂ ಲೀಗ್‌ಗಳು ಒಂದಾಗಲು ಒಪ್ಪಿದವು. ಇಂಥ ವಿಲೀನಕ್ಕೆ ಏಕಸ್ವಾಮ್ಯ ತಡೆ ಕಾನೂನು ಅಡ್ಡ ಬರುತ್ತಿತ್ತು, ಸಂಸತ್ತು ವಿನಾಯಿತಿ ಕೊಡಬೇಕಿತ್ತು. ಸೆನೆಟ್‌ನಲ್ಲಿ ರಸೆಲ್ ಲಾಂಗ್, ಕೆಳಮನೆಯಲ್ಲಿ ಹೇಲ್ ಬಾಗ್ಸ್, ಇಬ್ಬರೂ ಲೂಸಿಯಾನದ ಪ್ರಭಾವಿಗಳು, ಆ ವಿನಾಯಿತಿಯನ್ನು ಒಂದು ತೆರಿಗೆ ಮಸೂದೆಗೆ ಅಂಟಿಸಿ ಅಕ್ಟೋಬರ್‌ನಲ್ಲಿ ದಾಟಿಸಿದರು. ನವೆಂಬರ್ 1ರಂದು ನ್ಯೂ ಆರ್ಲಿಯನ್ಸ್‌ಗೆ ಎನ್‌ಎಫ್‌ಎಲ್ ತಂಡ ಘೋಷಣೆಯಾಯಿತು. ಬಹಿಷ್ಕಾರ ನಡೆದು ಎರಡು ವರ್ಷವೂ ತುಂಬಿರಲಿಲ್ಲ. ತಂಡ ಬಂದದ್ದು ಪಶ್ಚಾತ್ತಾಪದ ಫಲವಾಗಿಯಲ್ಲ, ಓಟಿನ ಲೆಕ್ಕದಿಂದ.

ಹಾಗಂತ ಬಹಿಷ್ಕಾರಕ್ಕೆ ಬೆಲೆಯೇ ಇರಲಿಲ್ಲ ಎನ್ನುತ್ತಿಲ್ಲ. ಕಾನೂನು ಮುಟ್ಟದಿದ್ದ ಟ್ಯಾಕ್ಸಿಯವನ ನಡವಳಿಕೆಗೆ ಆ ವಾರ ಇಡೀ ಊರು ದುಡ್ಡಿನಲ್ಲಿ ದಂಡ ತೆತ್ತಿತು. ತಂಡದ ಆಸೆಯಲ್ಲಿದ್ದ ಹೊತ್ತಿಗೇ, ಟಿವಿ ಕಣ್ಣೆದುರೇ. ಊರಿಗೆ ಬೇಕಾದದ್ದೊಂದು ತಮ್ಮ ಕೈಯಲ್ಲಿದೆ ಎಂದು ಆಟಗಾರರಿಗೆ ಗೊತ್ತಾಗಿತ್ತು. ಹೊಸ ಲೀಗ್‌ಗೆ ತನ್ನ ತಾರೆಯರಲ್ಲಿ 21 ಮಂದಿಯನ್ನು ಬಿಟ್ಟು ಆಲ್‌ಸ್ಟಾರ್ ಎಂದು ಟಿವಿಯಲ್ಲಿ ತೋರಿಸುವ ಸ್ಥಿತಿ ಇರಲಿಲ್ಲ ಎಂಬುದೂ ಗೊತ್ತಿತ್ತು. ಇದು ಕಪ್ಪು ಜನರ ಮತದಾನದ ಹಕ್ಕಿಗಾಗಿ ಅಲಬಾಮದಲ್ಲಿ ನಡೆದ ಸೆಲ್ಮಾ ಮೆರವಣಿಗೆಗೆ ಎರಡು ತಿಂಗಳು ಮುಂಚಿನ ಮಾತು. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಕಪ್ಪು ಓಟಗಾರರು ಎತ್ತಿದ ಮುಷ್ಟಿಗಳನ್ನು ಎಲ್ಲರೂ ನೆನೆಯುತ್ತಾರೆ. ಅದಕ್ಕಿಂತ ಮೂರೂಮುಕ್ಕಾಲು ವರ್ಷ ಮೊದಲು ಇವರು ಕೇಳಿದ್ದನ್ನು ಪಡೆದೇ ಹೋಗಿದ್ದರು.

ಮುಂದೆ ಲೀಗ್‌ಗಳೇ ಈ ದಾರಿ ಹಿಡಿದವು. ಮಾರ್ಟಿನ್ ಲೂಥರ್ ಕಿಂಗ್ ಜಯಂತಿಯ ರಜೆಯನ್ನು ಅರಿಜೋನದ ಮತದಾರರು 1990ರಲ್ಲಿ ತಿರಸ್ಕರಿಸಿದಾಗ 1993ರ ಸೂಪರ್ ಬೌಲ್, ಅಂದರೆ ಫುಟ್‌ಬಾಲ್ ಋತುವಿನ ಫೈನಲ್, ಅಲ್ಲಿಂದ ಕ್ಯಾಲಿಫೋರ್ನಿಯಕ್ಕೆ ಹೋಯಿತು. 2017ರ ಎನ್‌ಬಿಎ ಆಲ್‌ಸ್ಟಾರ್ ಬಾಸ್ಕೆಟ್‌ಬಾಲ್ ಪಂದ್ಯವನ್ನು ನಾರ್ತ್ ಕ್ಯಾರೊಲಿನದ ಒಂದು ಕಾನೂನಿನ ಕಾರಣಕ್ಕೆ ಶಾರ್ಲೆಟ್‌ನಿಂದ ಎತ್ತಿದಾಗ ಅದು ಹೋದದ್ದು ಎಲ್ಲಿಗೆ ಗೊತ್ತೇ? ನ್ಯೂ ಆರ್ಲಿಯನ್ಸ್‌ಗೆ! ಆದರೆ ಇವೆಲ್ಲ ತಿಂಗಳುಗಟ್ಟಲೆ ಮುಂಚೆ ಲೀಗ್ ಕಚೇರಿಗಳು ವಕೀಲರನ್ನು ಕೂರಿಸಿಕೊಂಡು ಮಾಡಿದ ತೀರ್ಮಾನಗಳು. 1965ರಲ್ಲಿ ತೀರ್ಮಾನ ಮಾಡಿದವರು ಸಂಬಳದ ಆಟಗಾರರು, ಅವರಿಗಿದ್ದ ಸಮಯ ಒಂದು ರಾತ್ರಿ, ಒಂದು ಹಗಲು.

ನೀವು ಕೇಳದಿದ್ದರೂ ಮಗಳ ಬರಹಕ್ಕೆ ಬೇಕಾಗಬಹುದು: ಆ ಆಟಗಾರರಿಗೆ ಮುಂದೆ ಏನಾಯಿತು? ಲೀಗ್ ಯಾರನ್ನೂ ಶಿಕ್ಷಿಸಲಿಲ್ಲ. ಆದರೆ ಕೆಲವೇ ವಾರಗಳಲ್ಲಿ ಕ್ಯಾನ್ಸಸ್ ಸಿಟಿ ತಂಡ ಹೇನ್ಸ್ ಅವರನ್ನು ಡೆನ್ವರ್‌ಗೆ ಸಾಗಹಾಕಿತು. 1960ರಲ್ಲಿ ಇಡೀ ಲೀಗ್‌ನ ಅತ್ಯುತ್ತಮ ಆಟಗಾರ ಎನಿಸಿಕೊಂಡಿದ್ದವರು ಅವರು. ಬಹಿಷ್ಕಾರವೇ ಕಾರಣ ಎಂದು ಹೇನ್ಸ್ ನಂಬಿದ್ದರು. ಗಿಲ್‌ಕ್ರಿಸ್ಟ್ ಅವರನ್ನೂ ಬಫಲೊ ಡೆನ್ವರ್‌ಗೇ ಕಳಿಸಿತು. ಅವರ ವಿಷಯದಲ್ಲಿ ಬಹಿಷ್ಕಾರವೊಂದನ್ನೇ ಕಾರಣ ಮಾಡುವುದು ತಪ್ಪಾಗುತ್ತದೆ, ಕೋಚ್ ಲೂ ಸೇಬನ್ ಜೊತೆ ಅವರ ಜಗಳ 1964ರಲ್ಲೇ ಜೋರಾಗಿತ್ತು. ವಾರ್ಲಿಕ್ ಬಫಲೊದಲ್ಲೇ ಉಳಿದು, ಮುಂದೆ ಆ ಊರಿನ ಟಿವಿಯ ಮೊದಲ ಕಪ್ಪು ಕ್ರೀಡಾ ವರದಿಗಾರರಾದರು. ಬೆಲ್, ಬುಕಾನನ್ ಇಬ್ಬರೂ 1970ರ ಜನವರಿ 11ರಂದು ಕ್ಯಾನ್ಸಸ್ ಸಿಟಿ ಪರವಾಗಿ ಸೂಪರ್ ಬೌಲ್ ಗೆದ್ದರು, ಮಿನೆಸೊಟ ವಿರುದ್ಧ 23-7. ಮೈದಾನ ಟುಲೇನ್, ಐದು ವರ್ಷದ ಹಿಂದೆ ಇವರಿಬ್ಬರೂ ಆಡದೆ ಬಿಟ್ಟುಹೋದದ್ದೇ.

ಗಿಲ್‌ಕ್ರಿಸ್ಟ್ ಡೆನ್ವರ್‌ನಲ್ಲಿ 1965ರ ಋತುವಿನಲ್ಲಿ ಚೆಂಡು ಹಿಡಿದು 954 ಗಜ ಓಡಿ ಮತ್ತೆ ಆಲ್‌ಸ್ಟಾರ್ ತಂಡಕ್ಕೆ ಆಯ್ಕೆಯಾದರು. ಆ ವರ್ಷದ ಪಂದ್ಯದ ರೂಪ ಬದಲಾಗಿತ್ತು, ಲೀಗ್ ಚಾಂಪಿಯನ್ನರ ಎದುರು ಉಳಿದೆಲ್ಲ ತಂಡಗಳ ತಾರೆಯರು. ಚಾಂಪಿಯನ್ ತಂಡ, ಗಿಲ್‌ಕ್ರಿಸ್ಟ್ ಅವರನ್ನು ಹೊರಹಾಕಿದ್ದ ಅದೇ ಬಫಲೊ. ತಾರೆಯರು 30-19ರಿಂದ ಗೆದ್ದರು. ಊರು ಮತ್ತೆ ಹೂಸ್ಟನ್ನೇ, ಈ ಸಲ ರೈಸ್ ಕ್ರೀಡಾಂಗಣ.